ಟಿಕೆಟ್ಟಿನ ಹಿಂಬದಿ

ಮನೆಯಿಂದ,
ಜುಲೈ ೧೪, ಭಾನುವಾರ ಮಧ್ಯಾಹ್ನ

ಸಣ್ಣಿಯ ಅಪ್ಪನಿಗೆ, ಪ್ರೀತಿಯ ನೆನಪುಗಳು.

ಹೇಗಿದ್ದೀರಿ? ವೆಲ್ಡಿಂಗ್ ಮಾಡುವಾಗ ಕನ್ನಡಕ ಹಾಕಿಕೊಳ್ಳುತ್ತಿದ್ದೀರಿ ತಾನೆ? ಕಳೆದ ಸಲ ಬಂದಾಗ ಕಣ್ಣು ಕೆಂಡದ ಹಾಗಿತ್ತು, ಧೂಳು ಬಿತ್ತು ಅಂತ ಕಥೆ ಕಟ್ಟಿದಿರಿ. ಸೇತುವೆ ಇವತ್ತಲ್ಲ ನಾಳೆ ಮುಗಿಯುತ್ತದೆ, ಕಣ್ಣು ಹೋದರೆ ಬರುವುದಿಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಬರೆಯಹೋಗಿ ಕೈ ನಿಂತಿತು. ಗಾಬರಿಯಾಗಬೇಡಿ, ಸಣ್ಣಿಯ ಮೈಮೇಲೆ ಒಂದು ಗೀರೂ ಇಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅವಳು ಪಕ್ಕದಲ್ಲೇ ಇರುತ್ತಾಳೆ. ಅದಕ್ಕೇ ಈ ಕಾಗದ. ಕೂತುಕೊಂಡು ಓದಿ.

ನಾನು ಕಂಡಕ್ಟರಾಗಿರುವ ಬಸ್ಸಿನ ಟಿಕೆಟ್ ಮಷೀನಿಗೆ ಹೊಸ ಕಾಗದದ ರೋಲು ಬಂದಿದೆ. ಮುಂದೆ ಎಂದಿನಂತೆ ದರ, ನಿಲ್ದಾಣ. ಹಿಂದೆ ಬಣ್ಣದಲ್ಲಿ ಬರ್ಗರಿನ ಒಂದು ಭಾಗ. ಒಂದರಲ್ಲಿ ಮೇಲಿನ ಬನ್ನು, ಇನ್ನೊಂದರಲ್ಲಿ ಮಾಂಸದ ಬಿಲ್ಲೆ, ಮತ್ತೊಂದರಲ್ಲಿ ಚೀಸು, ಹೀಗೆ. ಎಲ್ಲವನ್ನೂ ಜೋಡಿಸಿಕೊಂಡು ಹೋದರೆ ಮೂಲೆಯ ಆ ಕೆಂಪು ದೀಪದ ಅಂಗಡಿಯಲ್ಲಿ ಬರ್ಗರು, ಕೋಲಾ ಪುಕ್ಕಟೆ. ಚೀಸಿನದು ಮಾತ್ರ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಅದೇ ಅವರ ಹೂಟ. ಈ ರೋಲು ಎಲ್ಲ ಬಸ್ಸಿಗೂ ಇಲ್ಲ, ಶಾಲೆ ಕಾಲೇಜುಗಳ ಮುಂದೆ ಹಾದುಹೋಗುವ ಬಸ್ಸುಗಳಿಗೆ ಮಾತ್ರ. ಮಕ್ಕಳಿಗೋ ಪಾಸು, ಅವರಿಗೆ ಟಿಕೆಟ್ಟೇ ಇಲ್ಲ. ಹಾಗಾಗಿ ದೊಡ್ಡವರು ಬಿಸಾಡಿದ್ದನ್ನು ಆಯುತ್ತಾರೆ. ಮೊದಮೊದಲು ನಮಗೂ ನಗು. ಇನ್ನು ಡಿಪೋದಲ್ಲಿ ಕಸ ಗುಡಿಸುವವರಿಗೆ ಕೆಲಸವೇ ಇಲ್ಲ ಎಂದು ನಾನೂ ಡ್ರೈವರ್ ಮೀಸೆ ಮಾವನೂ ತಮಾಷೆ ಮಾಡಿದ್ದೇ ಮಾಡಿದ್ದು. ಬರುಬರುತ್ತಾ ಮಕ್ಕಳು ಇಳಿಯುವವರ ಕೈಯನ್ನೇ ನೋಡುತ್ತ ಬಾಗಿಲಲ್ಲಿ ನೇತಾಡತೊಡಗಿದರು, ಕಿಟಕಿಯಿಂದ ಹಾರಿದ್ದರ ಹಿಂದೆ ರಸ್ತೆಗೆ ಓಡತೊಡಗಿದರು. ಬರ್ಗರಿನ ಗುಂಗಿನಲ್ಲಿ ನಮ್ಮವಳು ಮನೆಯಲ್ಲಿ ಊಟ ಅರ್ಧಕ್ಕೆ ಬಿಟ್ಟೇಳುತ್ತಿದ್ದಳು. ವಯಸ್ಸಿನ ಚಪಲ ಅಂದುಕೊಂಡೆ.

ಕಳೆದ ಸೋಮವಾರ, ಶಾಲೆ ಬಿಡುವ ಹೊತ್ತು. ಸಣ್ಣಿಯ ಶಾಲೆಯ ಮುಂದಿನ ನಿಲ್ದಾಣದಲ್ಲಿ ಜನ ಇಳಿದರು, ಹತ್ತಿದರು. ಬಾಗಿಲಿನಿಂದ ಬಗ್ಗಿ ನೋಡಿದೆ, ಯಾರೂ ಕಾಣಲಿಲ್ಲ. ರೈಟ್ ಎಂದು ಸೀಟಿ ಊದಿದೆ. ಬಸ್ಸು ಒಂದು ಗೇಣು ಜರುಗಿರಬೇಕು, ಅಷ್ಟರಲ್ಲಿ ಹಣ್ಣು ಮಾರುವವಳು ಬುಟ್ಟಿ ಬಿಟ್ಟು ಓಡಿಬಂದು ಬಸ್ಸಿನ ಮೈಗೆ ದಬದಬ ಬಡಿದಳು. ಮಾವ ಬ್ರೇಕು ತುಳಿದರು. ಕೆಳಗಿಳಿದು ನೋಡಿದರೆ ಹಿಂದಿನ ಗಾಲಿಯ ಮುಂದೆ ಬಿಳಿ ಕಾಲುಚೀಲದ ಎರಡು ಪಾದ. ಬಿಳಿ ದಾರ ಸಿಗದೆ ಆ ಚೀಲದ ಮೇಲಂಚಿಗೆ ನೀಲಿ ದಾರ ಹಾಕಿ ಹೊಲಿದವಳು ನಾನೇ. ಮುಖ ನೋಡಬೇಕಾಗಲಿಲ್ಲ. ತೆವಳಿಕೊಂಡು ಹೊರಗೆ ಬಂದವಳು ಮುಷ್ಟಿ ಬಿಚ್ಚಿ ತೋರಿಸಿದಳು. “ಅಮ್ಮಾ, ಚೀಸು ಸಿಕ್ತು” ಅಂದಳು.

ಅವಳನ್ನು ರಸ್ತೆಯಂಚಿಗೆ ಎಳೆದುಕೊಂಡು ಹೋಗಿ ಮೈಯೆಲ್ಲ ತಡವಿ ನೋಡಿದೆ. ಮೀಸೆ ಮಾವ ಇವತ್ತು ಇನ್ನು ಸ್ಟೇರಿಂಗ್ ಮುಟ್ಟಲಾರೆ ಎಂದರು, ಜನರನ್ನು ಬೇರೆ ಬಸ್ಸಿಗೆ ಹತ್ತಿಸಬೇಕಾಯಿತು. ಮಾರನೆಯ ದಿನ ಇಬ್ಬರೂ ಡಿಪೋ ಮ್ಯಾನೇಜರರ ಬಳಿ ಹೋದೆವು. ಕೆಟ್ಟವರಲ್ಲ, ಕುರ್ಚಿ ಕೊಟ್ಟು ನೀರು ತರಿಸಿದರು. ಬರ್ಗರಿನವರ ಜೊತೆಗಿನ ಒಪ್ಪಂದ ಮೇಲಿನವರದು, ಮಕ್ಕಳಿಗೆ ಬುದ್ಧಿ ಹೇಳಬೇಕಾದವರು ಹೆತ್ತವರು ಎಂದರು. ನನಗೆ ತಡೆಯಲಾಗಲಿಲ್ಲ. “ಸಾರ್, ಬುದ್ಧಿ ಹೇಳ್ಬೇಕಾದ ಅಮ್ಮನ ಕೈಯಲ್ಲೇ ಅದನ್ನ ಹಂಚಿಸ್ತಿದ್ದೀರಲ್ಲ” ಅಂದೆ. ಅವರು ಪೆನ್ನಿನ ಮುಚ್ಚಳ ತೆಗೆದು ಕಾಗದ ಎಳೆದುಕೊಂಡರು. ಮೇಲಕ್ಕೆ ಬರೆಯುತ್ತೇನೆ, ಉತ್ತರ ಬರುವವರೆಗೆ ರೋಲು ನಿಲ್ಲಿಸುವ ಅಧಿಕಾರ ನನಗಿಲ್ಲ ಎಂದರು. ತಮ್ಮ ಕೈಲಾದದ್ದೆಂದು ನಮ್ಮಿಬ್ಬರನ್ನು ಆಸ್ಪತ್ರೆ ಕಡೆಯ ರೂಟಿಗೆ ಹಾಕಿದರು. ಅಲ್ಲಿ ಹಳೆಯ ಬಿಳಿ ರೋಲು. ಸಣ್ಣಿ ಈಗ ಬೇರೆಯವರ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಾಳೆ. ಇನ್ನು ಮುಟ್ಟಲ್ಲಮ್ಮ ಎಂದು ಅತ್ತು ಮಾತು ಕೊಟ್ಟಿದ್ದಾಳೆ. ನನಗೇ ಸೀಟಿ ಬಾಯಿಗಿಟ್ಟರೆ ಉಸಿರು ಹೊರಡುವುದಿಲ್ಲ. ಪ್ರತಿ ನಿಲ್ದಾಣದಲ್ಲೂ ಇಳಿದು ಬಗ್ಗಿ ಗಾಲಿಗಳನ್ನು ನೋಡುತ್ತೇನೆ. ಜನ ಗೊಣಗುತ್ತಾರೆ, ಗೊಣಗಲಿ.

ಮೀಸೆ ಮಾವ ನಿಮ್ಮನ್ನು ವಿಚಾರಿಸಿದರು. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಎತ್ತರದಲ್ಲಿ ನಿಂತಾಗ ಬೆಲ್ಟು ಮರೆಯಬೇಡಿ. ನೀವು ನೆಟ್ಟಗಿದ್ದರೆ ನಮಗೆ ಅಷ್ಟೇ ಸಾಕು.

ನಿಮ್ಮವಳೇ,
ಸಣ್ಣಿಯ ಅಮ್ಮ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಅವಳ ಯೂನಿಫಾರ್ಮು ನೆನೆಹಾಕಲು ಹೋದೆ. ಜೇಬಿನಲ್ಲಿ ಒಂದು ಟಿಕೆಟ್ಟು. ಮೊನ್ನೆ ಶುಕ್ರವಾರದ್ದು. ಅದರ ತುಂಬ ಗ್ರೀಸು. ಸೀಟಿನ ಮೇಲೆ ಗ್ರೀಸು ಇರುವುದಿಲ್ಲ, ಬಸ್ಸಿನ ಅಡಿಯಲ್ಲಿರುತ್ತದೆ. ಆ ಬಸ್ಸಿನ ಕಂಡಕ್ಟರು ಯಾರೋ, ಬಗ್ಗಿ ನೋಡುತ್ತಾರೋ ಇಲ್ಲವೋ. ನಾಳೆ ರಜೆ ಹಾಕಿ ಅವಳ ಕೈ ಹಿಡಿದು ಶಾಲೆಗೆ ನಡೆಸಿಕೊಂಡೇ ಹೋಗುತ್ತೇನೆ. ದಿನಾ ಹಾಗೆ ಮಾಡಲು ನನ್ನೊಬ್ಬಳಿಂದ ಆಗದು. ನೀವೂ ರಜೆ ಕೇಳಿ. ಕೊಡದಿದ್ದರೂ ಬನ್ನಿ.