ನಾನೂರ ಹನ್ನೆರಡನೇ ಮೆಟ್ಟಿಲು

ಎಡೋಗಾವಾ, ಟೋಕಿಯೊ
ಮೇ ತಿಂಗಳ ಮೂರನೇ ಸೋಮವಾರ, ನಸುಕಿನ ಎರಡೂ ಐವತ್ತು

ಪ್ರೀತಿಯ ಅಪ್ಪನಿಗೆ ಯಾಮಿನಿಯ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾವು ಮೂವರೂ ಚೆನ್ನಾಗಿದ್ದೇವೆ. ಈ ಹೊತ್ತಿನಲ್ಲಿ ನನ್ನ ಕೈಬರಹ ಕಂಡರೆ ನಿಮ್ಮ ಎದೆ ಧಸಕ್ಕೆನ್ನುತ್ತದೆ ಎಂದು ಗೊತ್ತು, ಅದಕ್ಕೇ ಈ ಸಾಲು ಮುಂದೆ ಬಂತು.

ಎರಡೂ ಹತ್ತಕ್ಕೆ ಎಚ್ಚರವಾಯಿತು. ಟಣ್, ಟಣ್, ಟಣ್. ಕಣ್ಣು ಬಿಡುವ ಮೊದಲೇ ಕಾಲು ಬೂಟಿನೊಳಗೆ ಹೋಗಿತ್ತು. ಜನವರಿಯಿಂದ ನಾನು ಮಲಗುವುದೇ ಹೀಗೆ. ಬೂಟು ಹಾಸಿಗೆಯ ಪಕ್ಕದಲ್ಲಿ, ಪಾಸ್‌ಪೋರ್ಟುಗಳು ದಿಂಬಿನ ಕೆಳಗೆ. ಭೂಮಿ ನಡುಗುತ್ತಿದೆಯೇ ಎಂದು ಪರದೆಯ ದಾರ ನೋಡಿದೆ, ಅಲುಗುತ್ತಿರಲಿಲ್ಲ. ಲೋಟದಲ್ಲಿ ನೀರು ನಿಶ್ಚಲ. ಸದ್ದು ಮಾಡುತ್ತಿದ್ದವಳು ನಿಮ್ಮ ಮೊಮ್ಮಗಳು. ಬಟ್ಟೆ ಇಡುವ ಸ್ಟೀಲ್ ರ್‍ಯಾಕಿನ ಮುಂದೆ ಕತ್ತಲಲ್ಲಿ ಕೂತು, ಚಮಚದಿಂದ ಒಂದೊಂದೇ ಕಾಲನ್ನು ಬಡಿದು, ಕಿವಿ ಹಚ್ಚಿ ಕೇಳುತ್ತಿದ್ದಳು. ಏನೇ ಇದು ಹಂಸಾ ಎಂದರೆ, "ಅಮ್ಮಾ, ಮನೆ ದೈಜೋಬು" ಎಂದಳು. ಮನೆಗೆ ಏನೂ ಆಗಿಲ್ಲ, ಗಟ್ಟಿಯಾಗಿದೆ ಎಂದು ವರದಿ. ಒಪ್ಪಿಸಿದವಳೇ ಚಮಚ ಹಿಡಿದುಕೊಂಡೇ ಮಲಗಿಬಿಟ್ಟಳು.

ನಾನು ನಕ್ಕೆ ಅಪ್ಪ. ನಾಲ್ಕು ತಿಂಗಳಲ್ಲಿ ಮೊದಲ ಸಲ, ಸೆರಗಿಲ್ಲದ್ದಕ್ಕೆ ಬಾಯಿಗೆ ದಿಂಬು ಅಡ್ಡ ಹಿಡಿದು ನಕ್ಕೆ. ಆಮೇಲೆ ಸ್ವಲ್ಪ ಅತ್ತೆ. ಆಮೇಲೆ ಅಡುಗೆಮನೆಯ ಮೇಜಿಗೆ ಬಂದು ಕಾಗದ ತೆಗೆದೆ. ಮೊಬೈಲಿನಲ್ಲಿ ಒತ್ತಿದ್ದನ್ನು ನೀವು ಪತ್ರ ಎಂದು ಒಪ್ಪುವುದಿಲ್ಲವಲ್ಲ, ಎಂದಿನಂತೆ ಬರೆದು ಫೋಟೋ ತೆಗೆದು ಕಳಿಸುತ್ತೇನೆ. ಎರಡು ಸಲ ಫೋನ್ ಮಾಡಿ ನೋಡಿದೆ. ಹತ್ತು ಗಂಟೆಗೆ ನಿಮ್ಮ ಫೋನಿನ ಬಾಯಿ ಮುಚ್ಚಿಸಿಬಿಡುತ್ತೀರಿ. ಅಮ್ಮನದು ಅಡುಗೆಮನೆಯಲ್ಲಿ ಚಾರ್ಜಿಗೆ ಇರುತ್ತದೆ. ನೀವು ಎತ್ತದೆ ಇದ್ದದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಬಾಯಲ್ಲಿ ಹೇಳಲು ಹೋಗಿದ್ದರೆ ಮತ್ತೆ ಅರ್ಧ ಮುಚ್ಚಿಡುತ್ತಿದ್ದೆ.

ನಿನ್ನೆ ಟೋಕಿಯೊ ಟವರಿಗೆ ಹೋಗಿದ್ದೆವು. ಆರು ವರ್ಷ ಈ ಊರಿನಲ್ಲಿದ್ದೂ ನಾನು ಅದನ್ನು ಹತ್ತಿರಲಿಲ್ಲ. ವಿವೇಕ್‌ನೇ ಹೊರಡಿಸಿದ. "ಮೈಸೂರಿಗೆ ಹೋದ ತಕ್ಷಣ ಮಾವ ಕೇಳೋದೇ ಅದನ್ನ. ಟವರ್ ಎಂಜಿನಿಯರ್ ಮಗಳು ಕೆಳಗಿಂದಾನೇ ನೋಡ್ಕೊಂಡು ಬಂದ್ಲು ಅಂದ್ರೆ ನನ್ನ ಮಾನ ಹೋಗತ್ತೆ ಕಣೇ" ಎಂದ. ಲಿಫ್ಟಿನಲ್ಲಾದರೆ ಬರುವುದಿಲ್ಲ ಎಂದೆ. ಭೂಮಿ ಅಲುಗಿದರೆ ಲಿಫ್ಟು ಅಲ್ಲಲ್ಲೇ ನಿಲ್ಲುತ್ತದೆ, ನಾನು ಪೆಟ್ಟಿಗೆಯೊಳಗೆ ಸಿಕ್ಕಿಹಾಕಿಕೊಳ್ಳಲಾರೆ. ಹಾಗಾಗಿ ಹೊರಗಿನ ಮೆಟ್ಟಿಲು, ಸುಮಾರು ಆರುನೂರು. ಸುತ್ತ ತಂತಿಬಲೆ, ಬಲೆಯಾಚೆ ಕೇಸರಿ ಬಣ್ಣದ ಉಕ್ಕು, ಅದರಾಚೆ ಊರು. ಹಂಸಾ ಜಪಾನಿಯಲ್ಲಿ ಮೆಟ್ಟಿಲು ಎಣಿಸುತ್ತಾ ಮುಂದೆ, ನಾನು ಅವಳ ಅಂಗಿ ಹಿಡಿದು ಹಿಂದೆ.

ನೀವು ಟವರಿನ ವಿಷಯ ಮೊದಲು ಕೇಳಿ ಮಗಳ ವಿಷಯ ಆಮೇಲೆ ಕೇಳುವವರು, ಆದ್ದರಿಂದ ಹೇಳಿಬಿಡುತ್ತೇನೆ. ಎತ್ತರ ಮುನ್ನೂರ ಮೂವತ್ತಮೂರು ಮೀಟರು. ಪ್ಯಾರಿಸಿನದಕ್ಕಿಂತ ಎತ್ತರ, ತೂಕ ಮಾತ್ರ ಅದಕ್ಕಿಂತ ಎಷ್ಟೋ ಕಡಿಮೆ. ತುಂಬಿಸಿದ ಗೋಡೆ ಎಲ್ಲೂ ಇಲ್ಲ, ಬರೀ ತ್ರಿಕೋನಗಳು, ಗಾಳಿ ಒಳಹೊಕ್ಕು ಹೊರಹೋಗುತ್ತದೆ. ನೀವು ಊಟದ ಮೇಜಿನ ಮೇಲೆ ಬೆಂಕಿಕಡ್ಡಿಗಳನ್ನು ಗುಂಡುಸೂಜಿಯಿಂದ ಕೂಡಿಸಿ ಚೌಕ ಮಾಡಿ, "ಒತ್ತು ಪುಟ್ಟಿ" ಎನ್ನುತ್ತಿದ್ದಿರಿ. ಚೌಕ ವಾಲಿಬಿಡುತ್ತಿತ್ತು. ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ ಇಟ್ಟರೆ ಬೆರಳು ನೋಯುವಷ್ಟು ಒತ್ತಿದರೂ ಜಪ್ಪಯ್ಯ ಎನ್ನುತ್ತಿರಲಿಲ್ಲ. ಇಲ್ಲಿ ಆ ಕಡ್ಡಿಗಳೇ ಸಾವಿರಾರು. ನಾಲ್ಕು ಕಾಲುಗಳು ಹೊರಕ್ಕೆ ಜಾರದ ಹಾಗೆ ನೆಲದ ಕೆಳಗೆ ಉಕ್ಕಿನ ಸರಳುಗಳಿಂದ ಒಂದಕ್ಕೊಂದನ್ನು ಬಿಗಿದಿದ್ದಾರೆ. ಮೇಲೆ ನಿಂತವರಿಗೆ ಅದು ಕಾಣುವುದೇ ಇಲ್ಲ.

ಇನ್ನೂರನೇ ಮೆಟ್ಟಿಲಿನ ಹತ್ತಿರ ಮೊರಿತಾ-ಸಾನ್ ಎಂಬ ಮುದುಕರು ಜೊತೆಯಾದರು. ಎಪ್ಪತ್ತು ದಾಟಿದೆ, ಮಂಡಿಗೆ ಪಟ್ಟಿ ಕಟ್ಟಿಕೊಂಡು ಪ್ರತಿ ಭಾನುವಾರ ಹತ್ತುತ್ತಾರಂತೆ. ಹಂಸಾ ಎಣಿಕೆ ತಪ್ಪಿದಾಗೆಲ್ಲ ತಿದ್ದುತ್ತಿದ್ದರು. ರೈಲ್ವೆ ಸೇತುವೆಗಳ ಬೋಲ್ಟುಗಳನ್ನು ಸುತ್ತಿಗೆಯಿಂದ ಬಡಿದು ಕೇಳುವುದು ಅವರ ನಲವತ್ತು ವರ್ಷದ ಕೆಲಸವಾಗಿತ್ತು ಎಂದಾಗ ನಾನು ನಿಂತೇಬಿಟ್ಟೆ. ಬಿಗಿಯಾದದ್ದು ಹಾಡುತ್ತದೆ, ಸಡಿಲವಾದದ್ದು ಕೆಮ್ಮುತ್ತದೆ ಎಂದರು. ನಮ್ಮಪ್ಪನೂ ಹೈಟೆನ್ಷನ್ ಲೈನಿನ ಟವರುಗಳನ್ನು ಹೀಗೇ ಬಡಿಯುತ್ತಿದ್ದರು ಎಂದು ವಿವೇಕ್ ಕೈಯಲ್ಲಿ ಹೇಳಿಸಿದೆ. ಅವರು ನಡು ಬಗ್ಗಿಸಿ ನಮಸ್ಕರಿಸಿದರು, ನನಗಲ್ಲ, ನಿಮಗೆ. ಆಮೇಲೆ ತಮ್ಮ ಮನೆಯ ಕೀಲಿಯನ್ನು ಹಂಸಾಳ ಕೈಗೆ ಕೊಟ್ಟು ಕಟಕಟೆಯ ಕಂಬ ಬಡಿಸಿದರು. ಟಣ್! ನಿಮ್ಮ ಮೊಮ್ಮಗಳ ಮುಖ ನೀವು ನೋಡಬೇಕಿತ್ತು.

ಕೆಳಭಾಗವೆಲ್ಲ ರಿವೆಟ್ಟು, ಮೇಲಿನದು ಬೋಲ್ಟು ಎಂದು ಅವರೇ ಹೇಳಿದ್ದು. ಕಟ್ಟುವಾಗ ಒಬ್ಬ ಕೆಂಪಗೆ ಕಾದ ರಿವೆಟ್ಟನ್ನು ಇಕ್ಕುಳದಲ್ಲಿ ಹಿಡಿದು ಮೇಲಕ್ಕೆ ಎಸೆಯುತ್ತಿದ್ದನಂತೆ, ಮೇಲಿನವ ಡಬ್ಬದಲ್ಲಿ ಹಿಡಿಯುತ್ತಿದ್ದನಂತೆ. ಆರುವ ಮುಂಚೆ ಸುತ್ತಿಗೆ ಬೀಳಬೇಕು. ಹದಿನಾಲ್ಕು ವರ್ಷದ ಹಿಂದಿನ ದೊಡ್ಡ ಭೂಕಂಪದಲ್ಲಿ ತುದಿಯ ಆಂಟೆನಾ ಬಾಗಿತಂತೆ. ಬಿಚ್ಚಿ ನೋಡಿದರೆ ಒಳಗೊಂದು ಹಳೆಯ ಬೇಸ್‌ಬಾಲ್ ಚೆಂಡು! ಯಾರು ಯಾವಾಗ ಹಾಕಿದರೋ ಯಾರಿಗೂ ಗೊತ್ತಿಲ್ಲ. ಬಾಗಿದ್ದು ತುದಿ ಅಷ್ಟೇ ಎಂದು ಮೊರಿತಾ-ಸಾನ್ ಎರಡು ಸಲ ಹೇಳಿದರು. ನನ್ನ ಮುಖ ನೋಡಿಯೇ ಹೇಳಿದರೇನೋ.

ನಾನೂರ ಹನ್ನೆರಡನೇ ಮೆಟ್ಟಿಲಿನಲ್ಲಿ ಎಲ್ಲರ ಫೋನುಗಳೂ ಒಟ್ಟಿಗೆ ಭೂಕಂಪದ ಎಚ್ಚರಿಕೆ ಕಿರುಚಿದವು.

ಹಂಸಾ ನನ್ನ ಕೈ ಬಿಡಿಸಿಕೊಂಡು ಮೆಟ್ಟಿಲ ಮೇಲೆ ಮಂಡಿಯೂರಿ ತಲೆ ಒಳಗೆ ಸೇರಿಸಿ ಉಂಡೆಯಾದಳು. ಮುಟ್ಟಿದರೆ ಸುತ್ತಿಕೊಳ್ಳುವ ಹುಳದ ಹಾಗೆ, ಶಿಶುವಿಹಾರದಲ್ಲಿ ತಿಂಗಳಿಗೊಮ್ಮೆ ಕಲಿಸುತ್ತಾರೆ. ಒಳಗಿನಿಂದಲೇ "ಅಮ್ಮಾ, ನೀನೂ!" ಎಂದು ಗದರಿದಳು. ನಾನು ಅವಳ ಮೇಲೆ ಬಾಗಿದೆ. ತಂತಿಬಲೆ ಗಲಗಲ ಎಂದಿತು, ಆಮೇಲೆ ಒಳಗಿನಿಂದ ಒಂದು ದಪ್ಪ ನರಳಾಟ. ಮೆಟ್ಟಿಲು ಪಕ್ಕಕ್ಕೆ ಹೋಯಿತು. ಮೊರಿತಾ-ಸಾನ್ ನನ್ನ ಕೈ ಹಿಡಿದು ಪಕ್ಕದ ಉಕ್ಕಿನ ತೊಲೆಯ ಮೇಲೆ ಅಂಗೈ ಒತ್ತಿಸಿದರು. ಏನೋ ಹೇಳಿದರು, ಅರ್ಥವಾಗಲಿಲ್ಲ. ಕೈಗೆ ಅರ್ಥವಾಯಿತು. ಅತ್ತ ಹೋದದ್ದು ಇತ್ತ ಬರುತ್ತಿತ್ತು. ನಾನು ಎಣಿಸತೊಡಗಿದೆ. ಒಂದು ಸಾವಿರ, ಎರಡು ಸಾವಿರ ಎಂದು ಸೆಕೆಂಡು ಎಣಿಸಲು ನೀವೇ ಕಲಿಸಿದ್ದು. ಹೋಗಿ ಬರುವುದಕ್ಕೆ ಎರಡೂವರೆ, ಮೂರು. ಪ್ರತಿ ಸಲವೂ ಅಷ್ಟೇ. ನೆಲದ ನಡುಕ ನಿಂತ ಮೇಲೂ ಗೋಪುರ ತೂಗುತ್ತಿತ್ತು, ಪ್ರತಿ ಸಲ ಸ್ವಲ್ಪ ಸ್ವಲ್ಪ ಕಡಿಮೆ. ಇಪ್ಪತ್ತನೇ ತೂಗಾಟಕ್ಕೆ ನನಗೆ ಭಯವಾಗುತ್ತಿಲ್ಲ ಎಂದು ಗಮನಕ್ಕೆ ಬಂತು. ಅದು ಬೀಳುತ್ತಿಲ್ಲ, ಕೆಲಸ ಮಾಡುತ್ತಿದೆ. ಕಾಲೇಜಿನಲ್ಲಿ ನಾಲ್ಕು ವರ್ಷ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತಿದ್ದೆ.

ಒಂದು ಸುತ್ತು ಕೆಳಗೆ ಬೂಟಿನ ದಾರ ಕಟ್ಟುತ್ತಿದ್ದ ನಿಮ್ಮ ಅಳಿಯ ಕಂಬ ತಬ್ಬಿಕೊಂಡು ಕೂತಿದ್ದ. ನಾನೇ ಇಳಿದು ಹೋಗಿ ಎಬ್ಬಿಸಿದೆ. ಲಿಫ್ಟುಗಳು ನಿಂತಿದ್ದವು, ಅವುಗಳಲ್ಲಿ ಹೋದವರೆಲ್ಲ ಗಂಟೆಗಟ್ಟಲೆ ಮೇಲೆಯೇ ಕಾದರು. ನಾವು ನಡೆದು ಇಳಿದೆವು.

ಈಗ ಬರೆಯಬೇಕಾದದ್ದನ್ನು ಬರೆಯುತ್ತೇನೆ.

ಜನವರಿಯಲ್ಲಿ ವಿವೇಕ್ ಆಫೀಸಿನ ಕೆಲಸಕ್ಕೆ ಫುಕುವೋಕಾಗೆ ಹೋಗಿದ್ದಾಗ ಒಂದು ಸಂಜೆ ಭೂಮಿ ನಡುಗಿತ್ತು. ಹಂಸಾಳಿಗೆ ಸ್ನಾನ ಮಾಡಿಸುತ್ತಿದ್ದೆ. ಒದ್ದೆ ಮಗುವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಒಂಬತ್ತು ಮಹಡಿ ಬರಿಗಾಲಲ್ಲಿ ಓಡಿದೆ. ನನ್ನ ಹಾಗೆ ಇಳಿದು ಬಂದವರು ಬೇರೆ ಯಾರೂ ಇರಲಿಲ್ಲ. ಪಕ್ಕದ ಕೊಂಬಿನಿ ಅಂಗಡಿಯಿಂದ ಹಾಲು ತರುತ್ತಿದ್ದ ಹೆಂಗಸೊಬ್ಬಳು "ಸುಮಿಮಾಸೆನ್", ಕ್ಷಮಿಸಿ, ಎಂದು ಪಕ್ಕಕ್ಕೆ ಸರಿದು ಒಳಗೆ ಹೋದಳು. ಮಗುವಿಗೆ ವಾರ ಜ್ವರ ಬಂತು. ಜ್ವರ ಎಂದು ನಿಮಗೆ ಹೇಳಿದೆ, ಏಕೆ ಎಂದು ಹೇಳಲಿಲ್ಲ. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಬೆಂಗಳೂರಿಗೆ ಹೋಗೋಣ ಎಂದು ವಿವೇಕ್‌ಗೆ ನೇರವಾಗಿ ಹೇಳಲು ನಾಚಿಕೆ. ಈ ಮನೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವಳು ನಾನು.

ಅದಕ್ಕೇ ಏಪ್ರಿಲಿನಲ್ಲಿ ನಿಮಗೆ ಆ ಫೋಟೋ ಕಳಿಸಿದೆ. ನಮ್ಮ ಕಟ್ಟಡದ ಗೋಡೆಯಲ್ಲಿ ಮೇಲಿನಿಂದ ಕೆಳಗೆ ಬಿರುಕು ಬಿಟ್ಟಿದೆ ಎಂದೆ. ಅಪ್ಪ, ಅದು ಬಿರುಕಲ್ಲ. ನಮ್ಮದು ಎರಡು ಕಟ್ಟಡಗಳನ್ನು ಪಕ್ಕಪಕ್ಕ ನಿಲ್ಲಿಸಿದ್ದು. ಅಲುಗಿದಾಗ ಒಂದಕ್ಕೊಂದು ಬಡಿಯದಿರಲಿ ಎಂದು ನಡುವೆ ಬೇಕೆಂದೇ ಬಿಟ್ಟ ಸಂದು ಅದು. ಅದನ್ನು ಮುಚ್ಚಿದ್ದ ಅಲ್ಯೂಮಿನಿಯಂ ತಗಡಿನ ಅಂಚು ಎದ್ದಿತ್ತು. ತಗಡು ಕಾಣದ ಹಾಗೆ ಅಂಗೈ ಅಡ್ಡ ಇಟ್ಟು ಫೋಟೋ ತೆಗೆದೆ. ಸಂದು ಎಂದರೇನು ಎಂದು ಗೊತ್ತಿಲ್ಲದವಳು ಹಾಗೆ ತೆಗೆಯಲಾರಳು. ಗೊತ್ತಿದ್ದೇ ತೆಗೆದೆ. ಅಪ್ಪ ಹೆದರಲಿ, ಅಪ್ಪನೇ ಅಳಿಯನಿಗೆ ಬರೆಯಲಿ ಎಂದು.

ನೀವು ಬರೆದಿರಿ. ಆದರೆ ಬಿರುಕಿನ ಮಾತೇ ಇರಲಿಲ್ಲ. "ನನ್ನ ಎದೆ ಮೊದಲಿನ ಹಾಗಿಲ್ಲ, ಮಗಳು ಮೊಮ್ಮಗಳು ಹತ್ತಿರ ಇರಲಿ ಎಂದು ಆಸೆ" ಎಂದು ಬರೆದಿರಿ. ವಿವೇಕ್ ಆ ಕಾಗದವನ್ನು ಪರ್ಸಿನಲ್ಲಿಟ್ಟುಕೊಂಡಿದ್ದಾನೆ. ನಾನು ಅಮ್ಮನನ್ನು ಕೇಳಿದರೆ, "ನಿಮ್ಮಪ್ಪನಿಗೇನು ಧಾಡಿ, ದಿನಾ ಏಳು ಕಿಲೋಮೀಟರ್ ನಡೀತಾರೆ, ಬಂದು ಆರು ದೋಸೆ ತಿಂತಾರೆ" ಎಂದರು. ಅದನ್ನು ನಾನು ವಿವೇಕ್‌ಗೆ ಹೇಳಲಿಲ್ಲ. ನನ್ನ ಕೆಲಸ ಆಗುತ್ತಿತ್ತಲ್ಲ.

ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಅವನು ಆಫೀಸಿನಲ್ಲಿ ಬೆಂಗಳೂರಿನ ವರ್ಗಾವಣೆಗೆ ಸಹಿ ಹಾಕುತ್ತಾನೆ. ಹಾಕಿದರೆ ಮುಗಿಯಿತು, ಅವನ ಜಾಗಕ್ಕೆ ಬೇರೊಬ್ಬರು ಬರುತ್ತಾರೆ. ಆರು ವರ್ಷ ಅವನು ಕಟ್ಟಿದ ತಂಡ. ಒಂದು ಸಲವೂ ಗೊಣಗಲಿಲ್ಲ. ನಿನ್ನೆ ರೈಲಿನಲ್ಲಿ, ನಾವು ಹೋಗುವುದು ಬೇಡ, ನನಗೆ ಇನ್ನು ಹೆದರಿಕೆಯಿಲ್ಲ, ಅಪ್ಪನೂ ಚೆನ್ನಾಗಿದ್ದಾರೆ ಎಂದೆ. ನಿದ್ದೆಹೋದ ಹಂಸಾಳನ್ನು ಹೆಗಲಿಗೆ ಹಾಕಿಕೊಂಡೇ, "ನನಗೋಸ್ಕರ ಹೀಗೆಲ್ಲ ಹೇಳ್ಬೇಡ. ಮಾವನಿಗೆ ಮಾತು ಕೊಟ್ಟಾಗಿದೆ. ಅವರಿಗೇನಾದ್ರೂ ಆದ್ರೆ ನನ್ನನ್ನ ನಾನು ಕ್ಷಮಿಸ್ಕೊಳಲ್ಲ" ಎಂದ. ಬೆಳಿಗ್ಗೆ ಫೋಟೋದ ಕಥೆ ನಾನೇ ಅವನಿಗೆ ಹೇಳುತ್ತೇನೆ, ಬೈಸಿಕೊಳ್ಳುತ್ತೇನೆ. ಆದರೆ ನಿಮ್ಮ ಎದೆಯ ವಿಷಯದಲ್ಲಿ ಅವನು ನನ್ನ ಮಾತು ನಂಬುವುದಿಲ್ಲ. ನಿಮ್ಮ ಮಾತು ಮಾತ್ರ ನಂಬುತ್ತಾನೆ.

ಭೂಮಿ ಮತ್ತೆ ನಡುಗುತ್ತದೆ, ನಾನು ಮತ್ತೆ ಹೆದರಬಹುದು. ಹೆದರಿದರೆ ಎಣಿಸುತ್ತೇನೆ. ಮುಂದೊಂದು ದಿನ ಊರಿಗೆ ಬರುವುದಾದರೆ ಬರೋಣ, ಆದರೆ ಸುಳ್ಳು ಬಿರುಕಿನೊಳಗಿಂದ ತೂರಿ ಬರುವುದು ಬೇಡ.

ಬೂಟುಗಳನ್ನು ಈಗಷ್ಟೇ ಬಾಗಿಲ ಬಳಿಯ ಗೂಡಿಗೆ ಇಟ್ಟು ಬಂದೆ. ಅಮ್ಮನಿಗೆ ನಮಸ್ಕಾರ.

ನಿಮ್ಮ ಮಗಳು,
ಯಾಮಿನಿ

ಮತ್ತೊಂದು ಮಾತು: ಹಾಳೆಗಳನ್ನು ಕಳಿಸಲು ತೆರೆದಾಗ ಏಪ್ರಿಲಿನ ಆ ಫೋಟೋ ಕಣ್ಣಿಗೆ ಬಿತ್ತು. ಅದರ ಕೆಳಗೆ ನಿಮ್ಮ ಪ್ರಶ್ನೆ: "ಎರಡೂ ಅಂಚು ಸ್ಕೇಲ್ ಇಟ್ಟು ಕೊಯ್ದ ಹಾಗಿದೆಯಲ್ಲ ಪುಟ್ಟಿ, ಪೂರ್ತಿ ಹಾಗೇ ಇದೆಯಾ?" ನಾನು ಹೌದು ಎಂದಿದ್ದೆ. ನೀವು ಮುಂದೆ ಏನೂ ಕೇಳಿಲ್ಲ. ಬಿರುಕು ಎಲ್ಲಾದರೂ ನೆಟ್ಟಗೆ ಹೋಗುತ್ತದೆಯೇ ಅಪ್ಪ? ನಿಮಗೆ ಅವತ್ತೇ ಗೊತ್ತಾಗಿತ್ತು ಅಲ್ಲವೇ? ಅದಕ್ಕೇ ಕಾಗದದಲ್ಲಿ ಬಿರುಕಿನ ಬದಲು ನಿಮ್ಮ ಎದೆ ಬಂತು. ಶ್ರೀರಂಗಪಟ್ಟಣದ ದಾರಿಯ ಟವರಿನ ಕೆಳಗೆ ನನ್ನನ್ನು ನಿಲ್ಲಿಸಿ, ಮೇಲಿನ ಭಾರ ಮಾಯ ಆಗಲ್ಲ, ಯಾವುದೋ ಒಂದು ಕಾಲಿಗೆ ಇಳೀಲೇಬೇಕು ಎಂದಿದ್ದಿರಿ. ನನ್ನದನ್ನು ಸದ್ದಿಲ್ಲದೆ ನಿಮ್ಮ ಕಾಲಿಗೆ ಇಳಿಸಿಕೊಂಡಿರಿ. ಸಾಕು, ಈಗ ನನಗೆ ವಾಪಸು ಕೊಡಿ. ರಾತ್ರಿ ಎರಡಕ್ಕೆ ನೀರು ಕುಡಿಯಲು ಏಳುತ್ತೀರಲ್ಲ, ಆಗ ಇದು ಕಣ್ಣಿಗೆ ಬೀಳುತ್ತದೆ, ನಿಮ್ಮ ಎರಡು ಗಂಟೆ ನಮ್ಮ ಐದೂವರೆ. ವಿವೇಕ್ ಮನೆ ಬಿಡುವುದು ಏಳೂ ನಲವತ್ತಕ್ಕೆ. ನನಗಲ್ಲ, ಅವನ ನಂಬರಿಗೇ ಮಾಡಿ. ಏಳು ಕಿಲೋಮೀಟರಿನ ವಿಷಯ ಹೇಳಿ, ಆರು ದೋಸೆಯ ವಿಷಯ ಹೇಳಿ. ಎತ್ತದಿದ್ದರೆ ಮತ್ತೆ ಮಾಡಿ. ದಮ್ಮಯ್ಯ ಅಪ್ಪ, ಅವನು ಮನೆ ಬಿಡುವುದರೊಳಗೆ ಒಂದು ಫೋನ್ ಮಾಡಿ.