ಡಾಕ್ಟರ ಸನ್ಮಾನಕ್ಕೆ ಮುಂಚೆ

ಬೀಚನಹಳ್ಳಿ
18 ನವೆಂಬರ್ 2024

ಪ್ರೀತಿಯ ತಂಗಿ ಪ್ರೇಮಾಳಿಗೆ ನಿನ್ನ ಅಕ್ಕ ಮಾಯಮ್ಮನ ಆಶೀರ್ವಾದಗಳು.

ದೀಪಾವಳಿಗೆ ಮುಂಚೆ ನೀನು ಫೋನು ಮಾಡಿ ಅತ್ತಿದ್ದೆ. ನಾಳೆ ಮಾಡ್ತೀನಿ ಅಂದವಳು ನಾನು ಮೂರು ವಾರ ತೆಪ್ಪಗಿದ್ದೆ, ನಿನ್ನ ಕರೆ ಬಂದರೂ ಎತ್ತಲಿಲ್ಲ. ಕ್ಷಮಿಸು. ಫೋನಿನಲ್ಲಾದರೆ ನಡುವೆಯೇ ಕಟ್ ಮಾಡಿಬಿಡುತ್ತೀಯ, ಇಲ್ಲವೇ ನಾನೇ ಮಾಡುತ್ತೇನೆ. ಅದಕ್ಕೇ ಕಾಗದ. ನಾವೆಲ್ಲ ಕ್ಷೇಮ ಅಂತ ಬರೆಯಬೇಕು, ಕೈ ಬರುತ್ತಿಲ್ಲ. ಅವ್ವ ಚೆನ್ನಾಗಿದ್ದಾಳೆ. ನನಗೆ ಮಾತ್ರ ಸಿಟ್ಟು ಇಳಿಯುತ್ತಿಲ್ಲ.

ಮೊದಲು ನಿನ್ನ ವಿಷಯ. ಜಯರಾಮನಿಗೆ ಇನ್ನೊಂದು ಹೆಣ್ಣು ತರಲು ನಿನ್ನ ಅತ್ತೆ ಹೊರಟಿದ್ದಾಳೆ. ಎಂಟು ವರ್ಷ ಕಾದಿದ್ದಾರೆ, ಇನ್ನು ಒಪ್ಪಿಬಿಡ್ತೀನಿ ಅಂದೆ ನೀನು. "ನನ್ ಒಟ್ಟೆನೇ ಸರಿಯಿಲ್ಲ ಕಣಕ್ಕಾ, ಅವ್ರನ್ಯಾಕೆ ಬೈಯ್ಲಿ" ಅಂದೆ. ಒಪ್ಪಬೇಡ. ನಿನ್ನ ಹೊಟ್ಟೆ ಸರಿಯಾಗಿಯೇ ಇತ್ತು ಪ್ರೇಮಾ. ಕೆಡಿಸಿದವರು ಡಾಕ್ಟರ್ ಕೃಷ್ಣಕುಮಾರ್.

ಹೌದು, ಅವರೇ. ಹಾವು ಕಚ್ಚಿದ ಜೋಗಯ್ಯಣ್ಣನನ್ನು ತಮ್ಮ ಕಾರಿನಲ್ಲೇ ಮೈಸೂರಿಗೆ ಒಯ್ದು ಉಳಿಸಿದವರು. ಕಾಡಂಚಿನ ನಮ್ಮ ಹಾಡಿಯ ಮನೆಮನೆಯಲ್ಲೂ ದೇವರ ಪಕ್ಕ ಫೋಟೋ ಇರುವವರು. ಹದಿನೆಂಟು ವರ್ಷ ಅವರ ನರ್ಸಿಂಗ್ ಹೋಮಿನಲ್ಲಿ ನರ್ಸಾಗಿದ್ದು, ಅವರ ಎದುರು ಒಂದು ದಿನ ಕುರ್ಚಿಯಲ್ಲಿ ಕೂತವಳಲ್ಲ ನಾನು. ಹೋದ ವರ್ಷ ಕೆಲಸ ಬಿಟ್ಟರು. ಬರುವ ಭಾನುವಾರ ಕೋಟೆ ಟೌನಿನಲ್ಲಿ ಅವರಿಗೆ ದೊಡ್ಡ ಸನ್ಮಾನ. ಹಾಡಿಯವರ ಪರವಾಗಿ ನಾಲ್ಕು ಮಾತಾಡಲು ನನ್ನನ್ನೇ ಕರೆದಿದ್ದಾರೆ, ಒಳ್ಳೆ ಸೀರೆ ಉಟ್ಟು ಬರಬೇಕಂತೆ!

ಅವರ ಜಾಗಕ್ಕೆ ಬಂದಿರುವವರು ಗೌತಮಿ ಅಂತ, ಚಿಕ್ಕ ವಯಸ್ಸಿನ ಡಾಕ್ಟರು. ನಮ್ಮ ಚಿಕ್ಕಮಾದಿ ಮಕ್ಕಳಾಗಲಿಲ್ಲ ಅಂತ ಅವರ ಹತ್ತಿರ ಬಂದಳು. ಮೈಸೂರಿಗೆ ಕಳಿಸಿ ಅದೇನೋ ಔಷಧಿ ಬಿಟ್ಟು ಎಕ್ಸ್‌ರೇ ತೆಗೆಸಿದರು. ಗರ್ಭಕೋಶದ ಎರಡೂ ಕಡೆಯ ನಾಳ ಮುಚ್ಚಿದೆ, ಹೊಟ್ಟೆಯ ಮೇಲೆ ಆಪರೇಷನ್ನಿನ ಕಲೆಯೂ ಇದೆ. "ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸ್ಕೊಂಡು ಈಗ ಮಗು ಬೇಕು ಅಂತೀರಲ್ಲಮ್ಮ" ಅಂದರು ಗೌತಮಿ. "ನಂಗೆ ಮಾಡಿದ್ದು ಗೆಡ್ಡೆ ಆಪ್ರೇಸನ್ ಕಣವ್ವಾ" ಅಂತ ಚಿಕ್ಕಮಾದಿ ನನ್ನ ಮುಖ ನೋಡಿದಳು. ಗೌತಮಿ ಡಾಕ್ಟರೂ ನಾನೂ ಹಳೆಯ ಆಪರೇಷನ್ ರಿಜಿಸ್ಟರ್ ತೆಗೆದೆವು. ಅಪೆಂಡಿಕ್ಸು, ಹರ್ನಿಯಾ, ಗೆಡ್ಡೆ ಅಂತ ಬರೆದ ಹೆಸರುಗಳ ಮುಂದೆ ಪೆನ್ಸಿಲಿನಲ್ಲಿ ಚಿಕ್ಕದೊಂದು ಗುರುತು. ಚಿಕ್ಕಮಾದಿಯ ಹೆಸರಿಗೂ ಅದೇ, ಗುರುತಿದ್ದ ಯಾರಿಗೂ ಆಮೇಲೆ ಮಕ್ಕಳಾಗಿಲ್ಲ. ಎಲ್ಲ ಸೇರಿ ನಲವತ್ತೊಂದು ಹೆಣ್ಣುಮಕ್ಕಳು, ಒಬ್ಬರೂ ಬಿಡದಂತೆ ನಮ್ಮ ಹಾಡಿಗಳವರು. ಅದರಲ್ಲಿ ನಿನ್ನ ಹೆಸರಿದೆ. ಅಪೆಂಡಿಕ್ಸ್ ತೆಗೆದಾಗಲೇ ನಿನಗೂ ಮಾಡಿಬಿಟ್ಟಿದ್ದಾರೆ. ಆಗ ನಿನಗೆ ಇಪ್ಪತ್ತು, ಮದುವೆಯೇ ಆಗಿರಲಿಲ್ಲ.

ರಿಜಿಸ್ಟರ್ ತೆಗೆದ ಸುದ್ದಿ ಕೃಷ್ಣಕುಮಾರ್ ಅವರಿಗೆ ಹೇಗೋ ಮುಟ್ಟಿತು. ಮೊನ್ನೆ ಬೆಳಿಗ್ಗೆ ಮನೆಗೇ ಬಂದರು. ಅವ್ವ ಕುರ್ಚಿ ಒರೆಸಿ ಹಾಕಿ ಕಾಲಿಗೆ ಬಿದ್ದಳು. ನೋಡಲಾಗಲಿಲ್ಲ ನನಗೆ. ಅವಳು ಕಾಫಿಗೆ ಒಳಗೆ ಹೋದದ್ದೇ ಕೇಳಿಬಿಟ್ಟೆ. ಆ ಮನುಷ್ಯ ಬೆದರಲಿಲ್ಲ. ಜ್ವರದ ಮಗುವನ್ನು ಸಮಾಧಾನ ಮಾಡುವ ಅದೇ ಮೆತ್ತಗಿನ ದನಿ.

"ಹೆತ್ತು ಏನ್ಮಾಡ್ತಾರಮ್ಮ ಇವರು? ಮೈಯಲ್ಲಿ ರಕ್ತ ಇಲ್ಲ. ಕೇಳಿದ್ರೆ ಬೇಡ ಅಂತಿದ್ರು, ಅದಕ್ಕೇ ಕೇಳ್ಲಿಲ್ಲ. ಒಳ್ಳೇದೇ ಮಾಡಿದೀನಿ."

"ನನ್ ತಂಗಿಗಿನ್ನೂ ಮದ್ವೇನೇ ಆಗಿರ್ನಿಲ್ವಲ್ಲ ಸಾ!"

"ಆಗೇ ಆಗ್ತಿತ್ತಲ್ಲ" ಅಂದರು. ಎದ್ದು ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅಷ್ಟರಲ್ಲಿ ಅವ್ವ ಬಂದಳು. ಲೋಟ ತೆಗೆದುಕೊಂಡು ನಗುನಗುತ್ತಾ ಅಂದರು: "ನಾಳೆ ಯಾರಾದ್ರೂ ಕೇಳಿದ್ರೆ ಪೇಪರ್ ನೋಡ್ತಾರೆ ಮಾಯಮ್ಮ. ಸಾಕ್ಷಿ ಅಂತ ಎಲ್ಲದ್ರಲ್ಲೂ ಯಾರ ಸೈನಿದೆ, ನೆನಪಿದ್ಯಾ? ಭಾನುವಾರ ಬೇಗ ಬಾ." ಆಮೇಲೆ ಅವ್ವನ ಬಿಪಿ ನೋಡಿ, ಉಪ್ಪು ಕಡಿಮೆ ಮಾಡಿ ಅಂತ ಹೇಳಿ ಹೋದರು. ಅವ್ವ ರಸ್ತೆವರೆಗೂ ಹೋಗಿ ಕಳಿಸಿ ಬಂದಳು.

ಆ ಸೈನು ನನ್ನದೇ. ಆಪರೇಷನ್ ದಿನ ಸಾಲು ಬೇಗ ಮುಗಿಯಲಿ ಅಂತ ಬೆಳಿಗ್ಗೆಯೇ ಖಾಲಿ ಒಪ್ಪಿಗೆ ಫಾರಂಗಳ ಮೇಲೆ ಎಲ್ಲರ ಹೆಬ್ಬೆಟ್ಟು ಒತ್ತಿಸಿ, ಕೆಳಗೆ ನಾನು ಸೈನು ಹಾಕಿ ಒಳಗೆ ಕೊಡುತ್ತಿದ್ದೆ. ಏನು ಆಪರೇಷನ್ ಅಂತ ಡಾಕ್ಟರು ಆಮೇಲೆ ತುಂಬಿಕೊಳ್ಳುತ್ತಿದ್ದರು. ಬೇರೆ ನರ್ಸು ಕೇಳಿದರೆ ನಮ್ಮವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ನನ್ನನ್ನು ಕಂಡರೆ "ನಮ್ ಎಣ್ಣು ಅಲ್ವಾ" ಅಂತ ತಾವೇ ಹೆಬ್ಬೆಟ್ಟು ಮುಂದೆ ಚಾಚುತ್ತಿದ್ದರು. ಆ ಕೆಲಸಕ್ಕೆ ನನ್ನನ್ನೇ ಯಾಕೆ ಇಟ್ಟುಕೊಂಡಿದ್ದ ಅಂತ ಈಗ ಗೊತ್ತಾಗುತ್ತಿದೆ, ಪಾಪಿ ಮುಂಡೇಮಗ! ಬರೆಯಬಾರದ ಮಾತು ಬರೆದೆ. ಹೊಡೆದು ಹಾಕುವುದಿಲ್ಲ.

ಭಾನುವಾರ ಹೋಗುತ್ತೇನೆ. ಮೈಕು ಕೈಗೆ ಬಂದ ಮೇಲೆ ನಲವತ್ತೊಂದು ಹೆಸರನ್ನೂ ಓದುತ್ತೇನೆ, ಕೊನೆಗೆ ನನ್ನ ಹೆಸರನ್ನೂ. ಹೆಸರು ಓದಬಹುದಾ ಅಂತ ಒಬ್ಬೊಬ್ಬರನ್ನೇ ಕೇಳಿಕೊಂಡು ಹಾಡಿ ಹಾಡಿ ತಿರುಗುತ್ತಿದ್ದೇನೆ. ನಿನ್ನನ್ನೂ ಕೇಳುತ್ತಿದ್ದೇನೆ, ಬೇಡ ಅಂದರೆ ಬಿಡುತ್ತೇನೆ. ರಿಜಿಸ್ಟರಿನ ನಕಲು ಗೌತಮಿ ಡಾಕ್ಟರ ಹತ್ತಿರ ಇದೆ, ಸೋಮವಾರ ಇಬ್ಬರೂ ದೂರು ಕೊಡುತ್ತೇವೆ. ನನ್ನ ಮೇಲೂ ಕೇಸಾಗುತ್ತದಂತೆ. ಆಗಲಿ.

ಈ ಕಾಗದವನ್ನು ಜಯರಾಮನಿಗೆ ತೋರಿಸು, ಅತ್ತೆಗೂ ಓದಿ ಹೇಳು. ಕೆಲವರಿಗೆ ನಾಳ ಮತ್ತೆ ಜೋಡಿಸಬಹುದು, ಖಾತ್ರಿ ಇಲ್ಲ ಅಂತಾರೆ ಗೌತಮಿ. ಬರುವುದಾದರೆ ಮೈಸೂರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ನೀನು ಚೆನ್ನಾಗಿರು, ತಲೆ ಎತ್ತಿಕೊಂಡು ಓಡಾಡು. ನಿನಗೆ ಒಳ್ಳೆಯದಾಗಲಿ ಮಗಳೇ.

ನಿನ್ನ ಅಕ್ಕ,
ಮಾಯಮ್ಮ

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅವತ್ತು ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡೇ ನೀನು ಆ ಫಾರಂ ತಿರುಗಿಸಿ ನೋಡಿ, "ಅಕ್ಕಾ, ಇದ್ರಲ್ಲಿ ಏನೂ ಬರ್ದೇ ಇಲ್ವಲ್ಲ" ಅಂದೆ. "ಎಂಟ್ನೇ ಕ್ಲಾಸ್ ಓದ್ಬುಟ್ಟು ಡಾಕ್ಟ್ರುನ್ನೇ ಅನುಮಾನ ಪಡ್ತೀಯಾ? ನನ್ ಮಾನ ಕಳೀಬ್ಯಾಡ, ಸೈನ್ ಆಕು" ಅಂತ ಎಲ್ಲರ ಮುಂದೆ ಗದರಿದೆ. ನೀನು ತಲೆ ತಗ್ಗಿಸಿ ಹಾಕಿದೆ. ನಲವತ್ತೊಂದು ಜನರಲ್ಲಿ ಕೇಳಿದವಳು ನೀನೊಬ್ಬಳೇ ಪ್ರೇಮಾ.