ಪರದೆಯ ಹಿಂದಿನ ನಿನ್ನ ದನಿ

ಅಮ್ಮಾ,

ನಿನ್ನನ್ನು ಮಣ್ಣು ಮಾಡಿ ಇಂದಿಗೆ ಹನ್ನೊಂದು ದಿನ. ಈ ಕಾಗದ ನಿನಗೆ ಮುಟ್ಟುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಇವತ್ತು ಮಧ್ಯಾಹ್ನ, ಜ್ವರದಲ್ಲಿ ಮಲಗಿದ್ದ ನನ್ನ ಮಗಳು ಲುನಿಂಗ್ ಎದ್ದು ಕೂತು, ಖಾಲಿ ಬಾಗಿಲ ಕಡೆ ನೋಡಿ ನಕ್ಕಳು. "ಅಪ್ಪಾ, ಅಜ್ಜಿ ಕರೀತಿದಾಳೆ. ನಂಗೆ ಚಪ್ಪಲಿ ಹಾಕು."

ಮಿಲಾಗ್ರೋಸ್ ಅಕ್ಕನ ಕೈಯಿಂದ ಶುಂಠಿ ಗಂಜಿಯ ಬಟ್ಟಲು ಜಾರಿತು. "ಅವತ್ತೇ ಬಡ್ಕೊಂಡೆ, ಮಗೂನ ಶವಪೆಟ್ಟಿಗೆ ಮೇಲಿಂದ ದಾಟಿಸೋ ಅಂತ. ಸತ್ತೋರು ಮೊಮ್ಮಕ್ಕಳನ್ನ ಹುಡುಕ್ಕೊಂಡು ಬರಬಾರ್ದು ಅಂತಾನೇ ಎಲ್ರೂ ದಾಟಿಸೋದು. ನೀನೋ, ದೊಡ್ಡ ಸುಲ್ತಾನ, ಅವಳನ್ನ ಎದೆಗವಚ್ಕೊಂಡು ನಿಂತ್ಬಿಟ್ಟೆ. ಈಗ ಸಮಾಧಿ ಹತ್ರ ಹೋಗಿ, 'ಇವಳನ್ನ ಕರೀಬೇಡ, ಹೋಗು' ಅಂತ ಗಟ್ಟಿಯಾಗಿ ಹೇಳಿ ಬಾ. ನಿನ್ನ ಗಂಟಲಿಗೇನು ಬರವೇ?"

ಹೋದೆ, ಅಮ್ಮಾ. ಚರ್ಚಿನ ಹಬ್ಬದ ನಾಟಕದಲ್ಲಿ ಇಪ್ಪತ್ತು ವರ್ಷ ಸುಲ್ತಾನನಾಗಿ ಗರ್ಜಿಸಿ, ಕೊನೆಯ ಬೆಂಚಿನವರನ್ನೂ ಬೆಚ್ಚಿಬೀಳಿಸಿದ ಈ ಗಂಟಲಿನಿಂದ ಒಂದಕ್ಷರವೂ ಹೊರಡಲಿಲ್ಲ. ಅಷ್ಟು ವರ್ಷವೂ ನೀನು ಪರದೆಯ ಹಿಂದೆ ಕೂತು, ನನ್ನ ಕಿರೀಟದ ಜರಿ ಹೊಲಿಯುತ್ತ, ನಾನು ತಡವರಿಸಿದಾಗಲೆಲ್ಲ ಮುಂದಿನ ಮಾತನ್ನು ಪಿಸುಗುಟ್ಟುತ್ತಿದ್ದೆ. ಕೊನೆಯ ನಾಲ್ಕು ವರ್ಷ ಲುನಿಂಗ್ ನಿನ್ನ ಮಡಿಲಲ್ಲಿ ಆ ಪಿಸುದನಿ ಕೇಳುತ್ತಲೇ ನಿದ್ದೆಹೋಗುತ್ತಿದ್ದಳು.

ಅದಕ್ಕೇ ಅವಳನ್ನು ದಾಟಿಸಲಿಲ್ಲ. ಈ ಮನೆಗೆ ನೀನು ಬರುತ್ತಲೇ ಇರಲಿ ಎಂದುಕೊಂಡಿದ್ದೆ.

ಔಷಧಿ ಕೊಟ್ಟರೂ ಜ್ವರ ಏರುತ್ತಿದೆ. ಅವಳು ಇನ್ನೂ ಬಾಗಿಲನ್ನೇ ನೋಡುತ್ತಿದ್ದಾಳೆ. ಹೊತ್ತು ಮುಳುಗುವ ಮೊದಲು ಮತ್ತೆ ನಿನ್ನ ಸಮಾಧಿಗೆ ಬಂದು ನಿಲ್ಲುತ್ತೇನೆ. "ಹೋಗು" ಎನ್ನುವ ಆ ಮಾತನ್ನೂ ನೀನೇ ಎತ್ತಿಕೊಡಬೇಕು, ಅಮ್ಮಾ. ನನ್ನ ಬಾಯಿಗೆ ಅದು ಬರುತ್ತಿಲ್ಲ.